ಓಟಿ (ಆಪರೇಷನ್ ಥಿಯೇಟರ್) ನರ್ಸಿಂಗ್ ಕೋರ್ಸ್‌ಗೆ ಸೇರುವ ಮೊದಲು ಏನು ಕಲಿತಿರಬೇಕು?

ಪ್ರಶ್ನೆ: ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಎರಡು ವರ್ಷದಿಂದ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಆಪರೇಷನ್ ರೂಮ್ ನರ್ಸಿಂಗ್ ಡಿಪ್ಲೊಮಾಗೆ ಸೇರಬೇಕು ಅಂತಿದ್ದೇನೆ. ಓಟಿ ನೋಡಿದ್ದು ಸ್ಟೂಡೆಂಟ್ ಆಗಿದ್ದಾಗ ಮಾತ್ರ, ಅದೂ ಮೂಲೆಯಲ್ಲಿ ನಿಂತು. ಇನ್‌ಸ್ಟ್ರುಮೆಂಟ್ ಹೆಸರುಗಳೆಲ್ಲ ಮರೆತೇ ಹೋಗಿವೆ. ಈಗಿನಿಂದ ಏನು ಓದಿಕೊಳ್ಳಲಿ ಮೇಡಂ?

ಉತ್ತರ: ಈ ಪ್ರಶ್ನೆ ಕೇಳುವವರೆಲ್ಲ ಮೊದಲು ಹೇಳಿಕೊಳ್ಳುವುದು ಇನ್‌ಸ್ಟ್ರುಮೆಂಟ್ ಹೆಸರಿನ ಭಯವನ್ನೇ. ಆ ಭಯ ಇವತ್ತೇ ಬಿಟ್ಟುಬಿಡಿ. ದಿನಾ ಟ್ರಾಲಿ ಲೇ ಮಾಡ್ತಾ ಮಾಡ್ತಾ, ಅಂದರೆ ಕೇಸಿಗೆ ಬೇಕಾದ್ದನ್ನೆಲ್ಲ ಟ್ರಾಲಿಯ ಮೇಲೆ ಜೋಡಿಸ್ತಾ, ಹೆಸರುಗಳು ತಾವಾಗಿಯೇ ನಾಲಿಗೆಗೆ ಬರುತ್ತವೆ. ಕೋರ್ಸಿಗೆ ಮೊದಲೇ ರೂಢಿಯಾಗಬೇಕಾದದ್ದು ಬೇರೆ ಇದೆ. ನಿಮ್ಮ ಕೈ ಎಲ್ಲಿ ತಾಗಿತು ಅನ್ನುವುದು ನಿಮಗೆ ಗೊತ್ತಿರಬೇಕು. ತಾಗಬಾರದ ಕಡೆ ತಾಗಿದ್ದರೆ ಆ ಕ್ಷಣವೇ ಬಾಯಿಬಿಟ್ಟು ಹೇಳಬೇಕು.

ನಾನು ಓಟಿಗೆ ಸೇರಿದ ಹೊಸತರಲ್ಲಿ ಒಂದು ಹರ್ನಿಯಾ ಕೇಸು. ಟ್ರಾಲಿ ಲೇ ಮಾಡಿ ಮುಗಿಸಿದ್ದೆ. ಕಡೆಯ ಟವೆಲ್ ಸರಿಮಾಡುವಾಗ ನನ್ನ ಕಿರುಬೆರಳು ಟ್ರಾಲಿಯ ಅಂಚಿನಿಂದ ಕೆಳಗೆ ಹೋಗಿ ಬಂತು. ಟ್ರಾಲಿಯ ಮೇಲ್ಭಾಗ ಮಾತ್ರ ಸ್ಟೆರೈಲ್, ಅಂದರೆ ರೋಗಾಣು ಇಲ್ಲದ್ದು; ಅಂಚಿನ ಕೆಳಗೆ ಅಲ್ಲ. ಯಾರೂ ನೋಡಲಿಲ್ಲ. ನಾನೂ ಸುಮ್ಮನೆ ಕೆಲಸ ಮುಂದುವರಿಸಿದೆ. ಐದು ನಿಮಿಷ ಆದಮೇಲೆ ತಡೆಯಲಾಗಲಿಲ್ಲ. "ಸಿಸ್ಟರ್, ನನ್ನ ಗ್ಲೌಸ್ ಅನ್‌ಸ್ಟೆರೈಲ್ ಆಗಿದೆ" ಅಂದೆ. ಸೀನಿಯರ್ ಸಿಸ್ಟರ್ ಬೈಯಲಿಲ್ಲ. "ಆಮೇಲೆ ಏನೇನು ಮುಟ್ಟಿದೆ?" ಅಂತ ಕೇಳಿದರು. ನನಗೆ ಹೇಳಲಿಕ್ಕೆ ಬರಲಿಲ್ಲ. ಇಡೀ ಟ್ರಾಲಿ ತೆಗೆಸಿ ಹೊಸ ಸೆಟ್ ಬಿಚ್ಚಿದರು. ತಕ್ಷಣ ಹೇಳಿದ್ದರೆ ಒಂದು ಜೊತೆ ಗ್ಲೌಸಿನಲ್ಲಿ ಮುಗಿದು ಹೋಗುತ್ತಿತ್ತು.

ಈ ರೂಢಿಯನ್ನು ಮನೆಯಲ್ಲೇ ಶುರುಮಾಡಬಹುದು. ಗೌನ್ ಹಾಕಿಕೊಂಡ ಮೇಲೆ ಅದರ ಮುಂಭಾಗ, ಅದೂ ಎದೆಯಿಂದ ಟೇಬಲ್ ಮಟ್ಟದವರೆಗೆ ಮಾತ್ರ ಸ್ಟೆರೈಲ್ ಅಂತ ಲೆಕ್ಕ. ತೋಳು ಮೊಣಕೈಗಿಂತ ಸ್ವಲ್ಪ ಮೇಲಿನವರೆಗೆ. ಬೆನ್ನು ಲೆಕ್ಕಕ್ಕಿಲ್ಲ, ಸೊಂಟದ ಕೆಳಗೂ ಇಲ್ಲ. ಈಗ ಎರಡೂ ಕೈಗಳನ್ನು ಎದೆಯ ಮುಂದೆ ಜೋಡಿಸಿಕೊಂಡು ಮನೆಯಲ್ಲಿ ಕಾಲು ಗಂಟೆ ಓಡಾಡಿ ನೋಡಿ. ಮೂಗು ತುರಿಸುತ್ತದೆ. ಕೂದಲು ಕಣ್ಣಿಗೆ ಬೀಳುತ್ತದೆ. ಕೈ ತಾನಾಗಿ ಸೊಂಟಕ್ಕೆ ಹೋಗಿ ಕೂರುತ್ತದೆ. ಎಷ್ಟು ಸಲ ಹೋಯಿತು ಅಂತ ಲೆಕ್ಕ ಇಡಿ. ವಾರದಲ್ಲಿ ಆ ಲೆಕ್ಕ ಇಳಿಯುತ್ತದೆ. ಕೈ ತೊಳೆಯುವಾಗಲೂ ಅಷ್ಟೇ, ಬೆರಳು ಮೇಲೆ, ಮೊಣಕೈ ಕೆಳಗೆ, ನೀರು ಮೊಣಕೈಯಿಂದ ತೊಟ್ಟಿಕ್ಕಬೇಕು.

ಆಮೇಲೆ ಕೌಂಟ್. ನನ್ನ ಮಟ್ಟಿಗೆ ಓಟಿ ನರ್ಸಿನ ಕೆಲಸದಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಕೇಸು ಶುರುವಾಗುವ ಮೊದಲು ಸ್ಕ್ರಬ್ ನರ್ಸ್ (ಕೈ ತೊಳೆದು ಗೌನ್ ಹಾಕಿ ಸರ್ಜನ್ ಪಕ್ಕ ನಿಲ್ಲುವವರು) ಮತ್ತು ಸರ್ಕ್ಯುಲೇಟಿಂಗ್ ನರ್ಸ್ (ಹೊರಗಿನಿಂದ ಬೇಕಾದ್ದನ್ನು ಒದಗಿಸುವವರು) ಇಬ್ಬರೂ ಕೂಡಿ ಮಾಪ್ (ರಕ್ತ ಹೀರುವ ದೊಡ್ಡ ಬಟ್ಟೆ), ಗಾಜ್ (ಜಾಳು ಬಟ್ಟೆಯ ತುಂಡು), ಸೂಜಿ, ಇನ್‌ಸ್ಟ್ರುಮೆಂಟ್ ಎಣಿಸುತ್ತಾರೆ. ಹೊಟ್ಟೆ ಮುಚ್ಚುವ ಮೊದಲು ಮತ್ತೆ, ಚರ್ಮ ಹೊಲಿಯುವ ಮೊದಲು ಇನ್ನೊಮ್ಮೆ. ಗಟ್ಟಿಯಾಗಿ, ಒಂದೊಂದನ್ನೇ ಬಿಡಿಸಿ ಎಣಿಸಬೇಕು. ರಕ್ತ ಕುಡಿದ ಮಾಪ್ ಕೈಮುಷ್ಟಿಯಷ್ಟಾಗಿ ಮುದುರುತ್ತದೆ. ಕರುಳಿನ ಪಕ್ಕ ಕೂತರೆ ಅದಕ್ಕೂ ಕರುಳಿಗೂ ಬಣ್ಣದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಅದಕ್ಕೇ ಮಾಪಿಗೆ ಒಂದು ಲಾಡಿ ಇರುತ್ತದೆ, ಎಕ್ಸ್-ರೇಯಲ್ಲಿ ಕಾಣುವ ಒಂದು ಎಳೆಯೂ ಇರುತ್ತದೆ.

ಒಮ್ಮೆ ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಮಾಪ್ ಕಡಿಮೆ ಬಂತು. ಸರ್ಜನ್‌ಗೆ ಸುಸ್ತಾಗಿತ್ತು, ಅನಸ್ತೀಷಿಯಾ ಡಾಕ್ಟರ್‌ಗೂ ಸುಸ್ತಾಗಿತ್ತು. "ಸರಿಯಾಗಿ ಎಣಿಸಿದ್ರಾ ಸಿಸ್ಟರ್?" ಅಂತ ಎರಡು ಸಲ ಕೇಳಿದರು. "ಒಂದು ಕಡಿಮೆ ಇದೆ ಸರ್, ಮುಚ್ಚಬೇಡಿ" ಅಂದೆ. ಬಕೆಟ್ ಸುರಿದು ನೋಡಿದೆವು. ಕಡೆಗೆ ಅದು ಸಿಕ್ಕಿದ್ದು ರೋಗಿಯ ತೊಡೆಯ ಹತ್ತಿರ, ಮೈಮೇಲೆ ಹೊದಿಸಿದ ಸ್ಟೆರೈಲ್ ಬಟ್ಟೆಯ (ಡ್ರೇಪಿನ) ಮಡಿಕೆಯೊಳಗೆ. ಹದಿನೈದು ನಿಮಿಷ ಹೋಯಿತು. ಹೋಗಲಿ ಅಲ್ವಾ? ಈಗ ವಾರ್ಡಿನಲ್ಲಿ ಡ್ರೆಸ್ಸಿಂಗ್ ಮಾಡುವಾಗಲೇ ಗಾಜ್ ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ಎಷ್ಟು ತೆಗೆದಿರಿ, ಎಷ್ಟು ವಾಪಸ್ ಬಂತು. ಮನಸ್ಸಿನಲ್ಲಿ ಬೇಡ, ಬಾಯಲ್ಲಿ ಎಣಿಸಿ.

ಇನ್‌ಸ್ಟ್ರುಮೆಂಟ್ ವಿಷಯಕ್ಕೆ ಬರೋಣ. ಪಟ್ಟಿ ಹಿಡಿದು ಉರು ಹೊಡೆಯಬೇಡಿ. ಕತ್ತರಿಸುವುದು, ಹಿಡಿಯುವುದು, ಎಳೆದು ಹಿಡಿಯುವುದು, ಹೊಲಿಯುವುದು ಅಂತ ಕೆಲಸದ ಮೇಲೆ ಗುಂಪು ಮಾಡಿ. ಆಮೇಲೆ ಒಂದರ ಪಕ್ಕ ಒಂದಿಟ್ಟು ವ್ಯತ್ಯಾಸ ನೋಡಿ. ಆಲಿಸ್ ಫೋರ್ಸೆಪ್ಸ್ ತುದಿಯಲ್ಲಿ ಹಲ್ಲಿದೆ, ಬಾಬ್‌ಕಾಕ್‌ಗೆ ಇಲ್ಲ. ಕರುಳಿನಂಥ ಮೆತ್ತನೆಯದನ್ನು ಹಿಡಿಯಲು ಬಾಬ್‌ಕಾಕ್ ಕೇಳುವುದು ಅದಕ್ಕೇ. ಮೆಟ್ಜೆನ್‌ಬಾಮ್ ಕತ್ತರಿ ನಾಜೂಕಿನ ಅಂಗಾಂಶಕ್ಕೆ. ಅದರಲ್ಲಿ ದಾರ ಕತ್ತರಿಸಿದರೆ ಹರಿತ ಹಾಳು, ದಾರಕ್ಕೆ ಮೇಯೊ ಕತ್ತರಿ ಕೊಡಬೇಕು. 10, 11, 15 ನಂಬರಿನ ಬ್ಲೇಡ್ 3ನೇ ನಂಬರ್ ಹ್ಯಾಂಡಲ್‌ಗೆ ಕೂರುತ್ತದೆ, 20ರಿಂದ ಮೇಲಿನ ದೊಡ್ಡ ಬ್ಲೇಡ್ 4ಕ್ಕೆ. ಹೊಲಿಗೆ ದಾರದಲ್ಲಿ ಸೊನ್ನೆ ಜಾಸ್ತಿ ಆದಷ್ಟೂ ಎಳೆ ಸಣ್ಣ, ಅಂದರೆ 2-0ಗಿಂತ 4-0 ತೆಳು. ಕಾರಣ ಗೊತ್ತಾದರೆ ಹೆಸರು ಮರೆಯುವುದಿಲ್ಲ.

ಓದಲೇಬೇಕು ಅಂದರೆ ಹಳೆಯ ಮೈಕ್ರೋಬಯಾಲಜಿ ನೋಟ್ಸ್ ತೆಗೆಯಿರಿ. ಆಟೊಕ್ಲೇವ್ (ಒತ್ತಡದ ಹಬೆಯಿಂದ ರೋಗಾಣು ಕೊಲ್ಲುವ ಯಂತ್ರ) 121 ಡಿಗ್ರಿಗೆ, 15 ಪೌಂಡ್ ಒತ್ತಡಕ್ಕೆ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರೆ. ಡ್ರಮ್ಮಿನಲ್ಲಿ ಬಟ್ಟೆ ಒತ್ತಿ ಒತ್ತಿ ತುಂಬಿದರೆ ಹಬೆ ನಡುವಿನವರೆಗೆ ಹೋಗುವುದಿಲ್ಲ ಅನ್ನುವುದು ಮರೆತುಹೋಗುತ್ತದೆ. ಹೊರಗಿನ ಟೇಪಿನಲ್ಲಿ ಕಪ್ಪು ಗೆರೆ ಬಂದಿದೆ ಅಂದರೆ ಆ ಪೊಟ್ಟಣ ಆಟೊಕ್ಲೇವ್‌ಗೆ ಹೋಗಿ ಬಂದಿದೆ ಅಂತಷ್ಟೇ. ಒಳಗಿನದು ಸ್ಟೆರೈಲ್ ಆಗಿದೆ ಅನ್ನುವುದಕ್ಕೆ ಅದೊಂದೇ ಸಾಲದು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸರ್ಜಿಕಲ್ ಸೇಫ್ಟಿ ಚೆಕ್‌ಲಿಸ್ಟ್ ಒಂದೇ ಪುಟದ್ದು. ಅದನ್ನೂ ನೋಡಿಕೊಳ್ಳಿ. ಮೂರು ಕಡೆ ಎಲ್ಲರೂ ನಿಲ್ಲಬೇಕು: ಅನಸ್ತೀಷಿಯಾ ಕೊಡುವ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಓಟಿಯಿಂದ ಹೊರಡುವ ಮೊದಲು. ಮೂರನೆಯದರಲ್ಲಿ ಕೌಂಟ್ ಸರಿಯಿದೆ ಅಂತ ಬಾಯಿಬಿಟ್ಟು ಹೇಳಬೇಕಾದವರು ನರ್ಸ್. ಅಲ್ಲಿ ಧ್ವನಿ ಹೊರಡಬೇಕು.

ಕಾಗದಪತ್ರದ ಮಾತು ಬೇಗ ಹೇಳಿ ಮುಗಿಸುತ್ತೇನೆ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಈ ಪೋಸ್ಟ್ ಬೇಸಿಕ್ ಡಿಪ್ಲೊಮಾ ಒಂದು ವರ್ಷದ್ದು. ರಿಜಿಸ್ಟರ್ ಆದ ನರ್ಸ್ ಆಗಿರಬೇಕು, ಸ್ಟಾಫ್ ನರ್ಸ್ ಆಗಿ ಕನಿಷ್ಠ ಒಂದು ವರ್ಷದ ಅನುಭವ ಇರಬೇಕು. ರಾಜ್ಯ ಕೌನ್ಸಿಲ್ ರಿಜಿಸ್ಟ್ರೇಷನ್ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ. ಪಿಯುಸಿ ಮುಗಿಸಿ ಸೇರುವ ಓಟಿ ಟೆಕ್ನಾಲಜಿ ಬಿಎಸ್ಸಿ ಬೇರೆ ಕೋರ್ಸ್, ಅದು ಇದಲ್ಲ.

ಹೆಪಟೈಟಿಸ್-ಬಿ ಲಸಿಕೆ ಮಾತ್ರ ಮುಂದೂಡಬೇಡಿ. ಮೂರು ಡೋಸ್. ಮೊದಲನೆಯದು ಇವತ್ತು ಅಂದರೆ ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರನೇ ತಿಂಗಳಿಗೆ. ಮುಗಿದು ಒಂದೆರಡು ತಿಂಗಳಿಗೆ ಟೈಟರ್ (ಲಸಿಕೆಯಿಂದ ರಕ್ತದಲ್ಲಿ ಎಷ್ಟು ಪ್ರತಿಕಾಯ ಬಂದಿದೆ ಅನ್ನುವ ಪರೀಕ್ಷೆ) ನೋಡಿಸಿ, 10 mIU/mLಗಿಂತ ಕಡಿಮೆ ಇರಬಾರದು. ಓಟಿಯಲ್ಲಿ ಸೂಜಿ ಚುಚ್ಚದ ಕೈ ಅಪರೂಪ.

ಕೈಯಲ್ಲಿ ತುರಿಕೆ, ರಬ್ಬರ್ ಅಲರ್ಜಿ ಇದ್ದರೂ ಮೊದಲೇ ತೋರಿಸಿಕೊಳ್ಳಿ. ಅಂದಹಾಗೆ, ಓಟಿಗೆ ರಬ್ಬರ್ ಗ್ಲೌಸ್ ಬಂದದ್ದರ ಹಿಂದೆ ಒಬ್ಬ ನರ್ಸಿನ ಕೈ ಇದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಅನ್ನುವ ಸಿಸ್ಟರ್‌ಗೆ ಕ್ರಿಮಿನಾಶಕ ದ್ರಾವಣದಿಂದ ಕೈ ಸುಲಿದು ಹುಣ್ಣಾಗುತ್ತಿತ್ತು. ಆ ಸಿಸ್ಟರ್‌ಗಾಗಿ ಸರ್ಜನ್ ಹಾಲ್‌ಸ್ಟೆಡ್ ಗುಡ್‌ಇಯರ್ ಕಂಪನಿಯಿಂದ ತೆಳು ಗ್ಲೌಸ್ ಮಾಡಿಸಿದರು. ಅದು 1889-90ರ ಚಳಿಗಾಲ. ಆ ಸಿಸ್ಟರ್ ತಮ್ಮ ತೊಂದರೆ ಹೇಳಿಕೊಂಡದ್ದು ಎಷ್ಟು ಒಳ್ಳೆಯದಾಯಿತು ನೋಡಿ.

ಇನ್ನು ನಿಲ್ಲುವ ಅಭ್ಯಾಸ. ಕೇಸು ನಾಲ್ಕು ಗಂಟೆ ಹೋದರೂ ಸ್ಕ್ರಬ್ ಆದವರು ಕೂರುವಂತಿಲ್ಲ. ಬೆಳಿಗ್ಗೆ ತಿಂಡಿ ತಿನ್ನದೆ ಓಟಿಗೆ ಹೋಗಬೇಡಿ, ಬರೀ ಕಾಫಿ ಸಾಲದು. ಮೊದಲ ವಾರ ಕಾಟರಿಯ (ವಿದ್ಯುತ್ ಶಾಖದಿಂದ ರಕ್ತ ನಿಲ್ಲಿಸುವ ಸಾಧನ) ಹೊಗೆ, ಮಾಸ್ಕಿನೊಳಗಿನ ಸೆಕೆಗೆ ತಲೆ ಸುತ್ತಬಹುದು. ಆಗಲೂ ಹಲ್ಲು ಕಚ್ಚಿ ನಿಲ್ಲಬೇಡಿ. "ನನಗೆ ತಲೆ ಸುತ್ತುತ್ತಿದೆ" ಅಂತ ಹೇಳಿ, ಟೇಬಲ್‌ನಿಂದ ಹಿಂದೆ ಸರಿದು, ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಡಿ. ಯಾರೂ ನಗುವುದಿಲ್ಲ. ನಮ್ಮಲ್ಲಿ ಬಹಳ ಜನ ಹಾಗೆ ಕೂತವರೇ.