ಜಿಬಿ ಬಿಡಿ, ನಿಮಿಷ ಹೇಳಿ

‘ಸಾರ್, ಫೈಲು ಬರೀ ಒಂದೂವರೆ ಜಿಬಿ. ಡಿವಿಡಿ ಮೇಲೆ 4.7 ಅಂತ ಬರೆದಿದೆ. ಮದುವೆ, ರಿಸೆಪ್ಷನ್ನು, ಬೀಗರೂಟ ಮೂರೂ ಒಂದರಲ್ಲೇ ಹಾಕ್ಬಿಡಿ.’ ಪೆನ್‌ಡ್ರೈವ್ ಮುಂದಿಟ್ಟು ಹೀಗೆ ಹೇಳುವವರನ್ನು ನಾವು ಕೇಳುವುದು ಒಂದೇ ಮಾತು: ‘ಒಟ್ಟು ಎಷ್ಟು ನಿಮಿಷ?’ ಅದಕ್ಕೆ ಉತ್ತರ ಬರುವುದಿಲ್ಲ. ಮತ್ತೆ ಜಿಬಿಯೇ ಬರುತ್ತದೆ.

ಈ ಕಾಲದಲ್ಲಿ ಡಿವಿಡಿ ಯಾಕೆ ಎಂದು ನಾವಂತೂ ಕೇಳುವುದಿಲ್ಲ. ಊರಲ್ಲಿರುವ ಅಜ್ಜಿಗೆ ರಿಮೋಟಿನಲ್ಲಿ ಗೊತ್ತಿರುವ ಗುಂಡಿ ಎರಡೇ. ಡಿಸ್ಕ್ ಹಾಕಿದರೆ ಮೊಮ್ಮಗಳ ಧಾರೆ ಕಾಣಬೇಕು, ಅಷ್ಟೆ. ಆ ಅಜ್ಜಿಯ ಪ್ಲೇಯರಿಗೆ ನಿಮ್ಮ ಎಂಪಿ4 ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಎಂಪೆಗ್-2 ಚಿತ್ರ, ಅದೂ ನಮ್ಮ ದೇಶದ ಪಾಲ್ ಟಿವಿ ಪದ್ಧತಿಯಲ್ಲಾದರೆ 720×576 ಅಳತೆಯಲ್ಲಿ, ಸೆಕೆಂಡಿಗೆ 25 ಫ್ರೇಮು. ಹಾಗಾಗಿ ನೀವು ತಂದ ಫೈಲನ್ನು ಪೂರ್ತಿ ಬಿಚ್ಚಿ, ಹೊಸದಾಗಿ ಎನ್‌ಕೋಡ್ ಮಾಡಲೇಬೇಕು. ಹಪ್ಪಳ ಹಸಿಯಾಗಿದ್ದಾಗ ಡಬ್ಬಿಯಲ್ಲಿ ನೂರು ಹಿಡಿಯುತ್ತದೆ, ಕರಿದ ಮೇಲೆ ಹತ್ತು. ಅಜ್ಜಿಯ ಪ್ಲೇಯರ್ ತಿನ್ನುವುದು ಕರಿದದ್ದನ್ನು ಮಾತ್ರ. ಕರಿದ ಮೇಲೆ ಎಷ್ಟು ಜಾಗ ಬೇಕು ಎಂಬುದು ನಿಂತಿರುವುದು ನಿಮಿಷದ ಮೇಲೆ, ನೀವು ತಂದ ಜಿಬಿಯ ಮೇಲಲ್ಲ.

ಉಲ್ಟಾ ಕೂಡ ಆಗುತ್ತದೆ. ಮೊಬೈಲಿನ 4ಕೆ ತುಣುಕುಗಳು 25 ಜಿಬಿ ಇವೆ, ಆರು ಡಿಸ್ಕ್ ಬೇಕಾಗುತ್ತೇನೋ ಎಂದು ಹೆದರಿ ಬರುತ್ತಾರೆ. ನೋಡಿದರೆ ಒಟ್ಟು 70 ನಿಮಿಷ. ಒಂದೇ ಡಿಸ್ಕಿನಲ್ಲಿ ಹಾಯಾಗಿ ಕೂರುತ್ತದೆ.

ಲೆಕ್ಕ ಕಷ್ಟದ್ದೇನಲ್ಲ. 600ನ್ನು ನಿಮಿಷದಿಂದ ಭಾಗಿಸಿ. ಬಂದದ್ದೇ ಸೆಕೆಂಡಿಗೆ ಸಿಗುವ ಮೆಗಾಬಿಟ್, ಅಂದರೆ ಬಿಟ್‌ರೇಟ್, ಚಿತ್ರ ಮತ್ತು ಸದ್ದು ಸೇರಿ. ಅದು ಹೆಚ್ಚಿದ್ದಷ್ಟೂ ಚಿತ್ರ ಚೆನ್ನ. 4.7 ಜಿಬಿ ಎಂದರೆ ಸುಮಾರು 37,600 ಮೆಗಾಬಿಟ್. ನಿಮಿಷದ 60 ಸೆಕೆಂಡಿನಿಂದ ಭಾಗಿಸಿದರೆ 626. ಮೆನುವಿಗೆ, ಅಂಚಿನ ಭದ್ರತೆಗೆ ಸ್ವಲ್ಪ ಬಿಟ್ಟು 600 ಹಿಡಿಯುತ್ತೇವೆ. (ಕಂಪ್ಯೂಟರಿಗೆ ಹಾಕಿದಾಗ 4.38 ಜಿಬಿ ಅಂತ ತೋರಿಸಿದರೆ ಎಸ್.ಪಿ. ರೋಡಿನ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ. ಡಿಸ್ಕ್ ಕಂಪನಿ ಸಾವಿರದ ಲೆಕ್ಕ ಹಿಡಿಯುತ್ತದೆ, ಕಂಪ್ಯೂಟರ್ 1024ರ ಲೆಕ್ಕ. ಬೈಟು ಅಷ್ಟೇ ಇವೆ.)

60 ನಿಮಿಷಕ್ಕೆ 10 ಬರುತ್ತದೆ, ಆದರೆ ಅಷ್ಟೂ ಬಳಸಬಾರದು. ಡಿವಿಡಿಯ ನಿಯಮದಲ್ಲಿ ಚಿತ್ರಕ್ಕೆ 9.8ರವರೆಗೆ ಅವಕಾಶವಿದೆ, ಮನೆಯಲ್ಲಿ ಬರೆದ ಡಿಸ್ಕನ್ನು ಹಳೆಯ ಪ್ಲೇಯರ್ ಆ ವೇಗಕ್ಕೆ ಓದಲಾರದೆ ತೊದಲುತ್ತದೆ. 8ಕ್ಕೆ ನಿಲ್ಲಿಸಿ. 120 ನಿಮಿಷಕ್ಕೆ 5, ಚೆನ್ನಾಗಿರುತ್ತದೆ. 150ಕ್ಕೆ 4, ಟ್ರೈಪಾಡ್ ಮೇಲಿಟ್ಟು ಒಳ್ಳೆ ಬೆಳಕಲ್ಲಿ ತೆಗೆದಿದ್ದರೆ ನಡೆಯುತ್ತದೆ. 190 ನಿಮಿಷ ತಂದರೆ 3.16. ಅಲ್ಲಿಗೆ ಬೇಡ ಅನ್ನುತ್ತೇವೆ.

ಯಾಕೆ ಬೇಡ? ಮಾಂಗಲ್ಯಧಾರಣೆಯ ಅಕ್ಷತೆ ನೋಡಿ. ಎಂಪೆಗ್-2 ಬದುಕುವುದೇ ‘ಹಿಂದಿನ ಫ್ರೇಮಿನಲ್ಲಿ ಇದ್ದದ್ದೇ ಇಲ್ಲೂ ಇದೆ, ಸ್ವಲ್ಪ ಸರಿದಿದೆ’ ಎಂಬ ನಂಬಿಕೆಯ ಮೇಲೆ. ಪುರೋಹಿತರು ಕೂತು ಮಂತ್ರ ಹೇಳುವಾಗ ಆ ನಂಬಿಕೆ ಸರಿ. ಗಟ್ಟಿಮೇಳ ಶುರುವಾಗಿ ಇನ್ನೂರು ಕೈಗಳಿಂದ ಅಕ್ಷತೆ ಬಿತ್ತೋ, ಒಂದೊಂದು ಕಾಳೂ ಒಂದೊಂದು ದಿಕ್ಕಿಗೆ. ಸಾಲದ್ದಕ್ಕೆ ಫೋಟೋಗ್ರಾಫರ ಫ್ಲಾಶು. 3 ಮೆಗಾಬಿಟ್ಟಿನಲ್ಲಿ ಆ ಐದು ಸೆಕೆಂಡು ಚೌಕ ಚೌಕವಾಗಿ ಒಡೆದು, ಮದುಮಗಳ ಮುಖ ಮೊಸಾಯಿಕ್ ನೆಲದ ಹಾಗೆ ಕಾಣುತ್ತದೆ. ಇಡೀ ಡಿಸ್ಕಿನಲ್ಲಿ ಎಲ್ಲರೂ ಮತ್ತೆ ಮತ್ತೆ ನೋಡುವುದು ಅದೇ ಐದು ಸೆಕೆಂಡು!

ಇದಕ್ಕೇ ಎರಡು ಪಾಸಿನ ವಿಬಿಆರ್ (ಬೇಕಾದಂತೆ ಏರಿಳಿಯುವ ಬಿಟ್‌ರೇಟ್) ಆರಿಸಿ ಎನ್ನುವುದು. ಮೊದಲ ಸುತ್ತಿನಲ್ಲಿ ಎಲ್ಲಿ ಚಲನೆ ಹೆಚ್ಚು ಎಂದು ಅಳೆದು, ಎರಡನೆಯದರಲ್ಲಿ ಮಂತ್ರದ ಕಡೆಯಿಂದ ಉಳಿಸಿದ ಬಿಟ್ಟನ್ನು ಅಕ್ಷತೆಗೆ ಕೊಡುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಸದ್ದಿನ ಕಡೆ ಒಮ್ಮೆ ಕಣ್ಣು ಹಾಯಿಸಿ. ಕೆಲವು ಸಾಫ್ಟ್‌ವೇರ್ ತಾನಾಗಿಯೇ ಪಿಸಿಎಂ, ಅಂದರೆ ಒತ್ತಿ ಕುಗ್ಗಿಸದ ಸದ್ದು, ಇಟ್ಟುಕೊಂಡಿರುತ್ತದೆ: ಸೆಕೆಂಡಿಗೆ 1.5 ಮೆಗಾಬಿಟ್, ಎರಡು ಗಂಟೆಗೆ ಹತ್ತಿರ ಹತ್ತಿರ 1.4 ಜಿಬಿ. ಡಾಲ್ಬಿ ಡಿಜಿಟಲ್ 192 ಕಿಲೋಬಿಟ್‌ಗೆ ಬದಲಿಸಿದರೆ ಅದು 173 ಎಂಬಿಗೆ ಇಳಿಯುತ್ತದೆ. ಓಲಗ ಟಿವಿ ಸ್ಪೀಕರಿನಲ್ಲಿ ಕೇಳುವವರಿಗೆ ಎರಡಕ್ಕೂ ವ್ಯತ್ಯಾಸ ತಿಳಿಯುವುದು ಅನುಮಾನ.

ಇಷ್ಟಾದರೂ ಒಂದರಲ್ಲಿ ಹಿಡಿಯದಿದ್ದರೆ ಎರಡು ಡಿಸ್ಕ್ ಮಾಡಿ, ನಾಚಿಕೆ ಏನಿಲ್ಲ. ಹಿಂದಿನ ದಿನದ ವರಪೂಜೆ, ರಿಸೆಪ್ಷನ್ ಒಂದರಲ್ಲಿ, ಮುಹೂರ್ತ ಇನ್ನೊಂದರಲ್ಲಿ. 8.5 ಜಿಬಿಯ ಡ್ಯುಯಲ್ ಲೇಯರ್ ಡಿಸ್ಕ್ ಇದೆಯಲ್ಲ ಎಂದು ಕೇಳುತ್ತಾರೆ. ಇದೆ. ದುಬಾರಿ, ಮತ್ತು ಪದರ ಬದಲಾಗುವಲ್ಲಿ ಹಳೆಯ ಪ್ಲೇಯರ್ ಕೆಲವು ನಿಂತೇಬಿಡುತ್ತವೆ. ಅಥವಾ ಕತ್ತರಿ ಹಾಕಿ. ಊಟದ ಪಂಕ್ತಿಯಲ್ಲಿ ನೆಂಟರು ಹೋಳಿಗೆ ಮುರಿಯುವ ನಲವತ್ತು ನಿಮಿಷ ಯಾರಿಗೆ ಬೇಕು? (ಇದನ್ನು ಮನೆಯವರ ಎದುರು ಜೋರಾಗಿ ಹೇಳುವ ಧೈರ್ಯ ನಮಗೂ ಇಲ್ಲ.)

ಮೊಬೈಲ್ ವಿಡಿಯೋದಲ್ಲಿ ಬೇರೆ ಎರಡು ತೊಂದರೆ. ಫೋನು ಬೆಳಕಿಗೆ ತಕ್ಕಂತೆ ಫ್ರೇಮಿನ ವೇಗ ಏರಿಳಿಸುತ್ತದೆ. ಹಾಗೇ ಎನ್‌ಕೋಡ್ ಮಾಡಿದರೆ ಅರ್ಧ ಗಂಟೆಯ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಮೊದಲು ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಸ್ಥಿರ ವೇಗಕ್ಕೆ ತಂದುಕೊಳ್ಳಿ. ಇನ್ನೊಂದು, 30 ಫ್ರೇಮಿನದನ್ನು ಪಾಲ್‌ನ 25ಕ್ಕೆ ಇಳಿಸಿದಾಗ ನಡಿಗೆ ಕುಕ್ಕುತ್ತದೆ. ಸುಮಾರು 30 ಫ್ರೇಮಿನ ಎನ್‌ಟಿಎಸ್‌ಸಿ ಎಂಬ ಅಮೆರಿಕದ ಟಿವಿ ಪದ್ಧತಿಯಲ್ಲಿ ಮಾಡಿದರೆ ಕುಕ್ಕುವುದು ತಪ್ಪುತ್ತದೆ. ಸಾಮಾನ್ಯವಾಗಿ ಇಲ್ಲಿನ ಪ್ಲೇಯರ್ ಎರಡನ್ನೂ ಓಡಿಸುತ್ತದೆ, ಆದರೆ ಅಜ್ಜಿಯ ಟಿವಿಯಲ್ಲಿ ನೋಡದೆ ಮಾತು ಕೊಡಲಾರೆವು.

ರೇಷ್ಮೆ ಸೀರೆಯ ಜರಿ ಅಂಚು ಮಿಣಮಿಣ ಕುಣಿದರೆ ಅದು ಬಿಟ್‌ರೇಟಿನ ತಪ್ಪಲ್ಲ. ಎಚ್‌ಡಿಯ ಸಣ್ಣ ಗೆರೆ ಇಂಟರ್‌ಲೇಸ್ (ಸಾಲು ಬಿಟ್ಟು ಸಾಲು ಸರದಿಯಲ್ಲಿ ತೋರಿಸುವ) ಟಿವಿಯ ಒಂದೇ ಸಾಲಿಗೆ ಬಿದ್ದು, ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದೆ. ಎಡಿಟಿಂಗ್‌ನಲ್ಲಿ ಫ್ಲಿಕರ್ ಫಿಲ್ಟರ್ ಹಾಕಿ, ಇಲ್ಲವೇ ಮೇಲೆ-ಕೆಳಗೆ ಒಂಚೂರು ಬ್ಲರ್ ಕೊಡಿ.

ಬರ್ನ್ ಮಾಡುವುದು ಸುಲಭ. ಡಿವಿಡಿಸ್ಟೈಲರ್‌ನಂಥ ಆಥರಿಂಗ್ (ಮೆನು ಸಮೇತ ಡಿಸ್ಕ್ ಜೋಡಿಸುವ) ಸಾಫ್ಟ್‌ವೇರಿನಲ್ಲಿ ವಿಡಿಯೋ ಡಿವಿಡಿ ಮಾಡಿ. ಎಂಪಿ4 ಎಳೆದು ಹಾಕಿದರೆ ಅದು ಬರೀ ಡೇಟಾ ಡಿಸ್ಕ್. ಡಿವಿಡಿ-ಆರ್ ಖಾಲಿ ಡಿಸ್ಕ್, 4ಎಕ್ಸ್ ಅಥವಾ 8ಎಕ್ಸ್ ವೇಗ, ಫೈನಲೈಸ್ (ಬರೆದು ಮುಗಿಸಿ ಮುಚ್ಚುವುದು), ವೆರಿಫೈ (ಬರೆದದ್ದು ಸರಿ ಇದೆಯೇ ನೋಡುವುದು). ಕಾಗದದ ಸ್ಟಿಕರ್ ಅಂಟಿಸಬೇಡಿ, ತೂಕ ಒಂದು ಪಕ್ಕ ವಾಲಿ ಡಿಸ್ಕ್ ನಡುಗುತ್ತದೆ.

ಆಮೇಲೆ ಟಿವಿಗೆ ಹಾಕಿ, ಮೊದಲ ಐದು ನಿಮಿಷ ನೋಡಿ ‘ಸೂಪರ್’ ಎಂದು ಎದ್ದುಬಿಡಬೇಡಿ. ಡಿಸ್ಕ್ ಬರೆಯುವುದು ಒಳಸುತ್ತಿನಿಂದ ಹೊರಕ್ಕೆ. ತುಂಬಿದ ಡಿಸ್ಕ್ ಕೈಕೊಡುವುದು ಹೆಚ್ಚಾಗಿ ಹೊರ ಅಂಚಿನಲ್ಲಿ, ಅಂದರೆ ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ.