ಪಾಲಾದ ರಾಜ್ಯ, ಅಳೆದ ಆಕಾಶ

1567ರ ಮಾರ್ಚ್ ಕೊನೆಯಲ್ಲಿ ಜರ್ಮನಿಯ ಹೆಸ್ಸೆ ಸೀಮೆಯ ದೊರೆ ಫಿಲಿಪ್ ತೀರಿಕೊಂಡ. ಮಾರ್‌ಬುರ್ಗ್ ವಿಶ್ವವಿದ್ಯಾಲಯವನ್ನು ಕಟ್ಟಿಸಿದವನು, ಪ್ರಾಟೆಸ್ಟಂಟ್ ಅರಸರ ಮುಂದಾಳು, ಜರ್ಮನ್ ಅರಸರೆಲ್ಲರ ಮೇಲಿನ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸೆರೆಯಲ್ಲಿ ಐದು ವರ್ಷ ಕಳೆದವನು. ಅವನ ರಾಜ್ಯವನ್ನು ನಾಲ್ವರು ಮಕ್ಕಳು ಹಂಚಿಕೊಂಡರು. ಹಿರಿಯ ವಿಲ್‌ಹೆಲ್ಮ್‌ಗೆ ಕಾಸೆಲ್ ಸುತ್ತಲಿನ ಹೆಚ್ಚುಕಡಿಮೆ ಅರ್ಧ, ಲುಡ್‌ವಿಗ್‌ಗೆ ಮಾರ್‌ಬುರ್ಗ್ ಕಡೆಯ ಕಾಲು ಭಾಗ, ಉಳಿದಿಬ್ಬರಿಗೆ ರೈನ್‌ಫೆಲ್ಸ್ ಮತ್ತು ಡಾರ್ಮ್‌ಸ್ಟಾಟ್, ತಲಾ ಅರೆಕಾಲು. ಮೊದಲ ಹೆಂಡತಿ ಇರುವಾಗಲೇ ಫಿಲಿಪ್ 1540ರಲ್ಲಿ ಇನ್ನೊಂದು ಮದುವೆಯಾಗಿ ಯುರೋಪಿಗೇ ಸುದ್ದಿಯಾಗಿದ್ದ. ಆ ಹೆಂಡತಿಯ ಮಕ್ಕಳಿಗೆ ದಕ್ಕಿದ್ದು ಕೌಂಟ್ ಪದವಿ ಮತ್ತು ಒಂದಷ್ಟು ಜಹಗೀರು ಮಾತ್ರ.

ಆಗಿನ ಜರ್ಮನ್ ಅರಸುಮನೆಗಳಲ್ಲಿ ಹೀಗೆ ರಾಜ್ಯ ಹಂಚಿಕೊಳ್ಳುವುದು ಅಪರೂಪವಲ್ಲ. ಚಕ್ರವರ್ತಿಯನ್ನು ಆರಿಸುವ ಹಕ್ಕುಳ್ಳ ಅರಸರ ಮೂಲ ಸೀಮೆಯನ್ನು ಒಡೆಯಕೂಡದೆಂದು 1356ರ ಶಾಸನವೇ ಕಟ್ಟು ಮಾಡಿತ್ತು. ಹೆಸ್ಸೆಗೆ ಆ ಹಕ್ಕೂ ಇರಲಿಲ್ಲ, ಆ ಕಟ್ಟೂ ಇರಲಿಲ್ಲ. ಆದರೂ ಅಣ್ಣತಮ್ಮಂದಿರು ವಿಶ್ವವಿದ್ಯಾಲಯವನ್ನೂ ಉಚ್ಚ ನ್ಯಾಯಾಲಯವನ್ನೂ ಜಂಟಿಯಾಗಿಯೇ ಉಳಿಸಿಕೊಂಡರು. ಹೊಲ ಹಂಚಿಕೊಂಡು ಬಾವಿಯನ್ನು ಮಾತ್ರ ಒಟ್ಟಿಗೆ ಇಟ್ಟುಕೊಂಡಂತೆ.

ನನಗೆ ಕುತೂಹಲವಿರುವುದು ಅರ್ಧ ಪಾಲು ಪಡೆದ ವಿಲ್‌ಹೆಲ್ಮ್‌ನಲ್ಲಿ. ಅವನಿಗೆ ಅಳತೆಯ ಹುಚ್ಚು. ತನ್ನ ಸೀಮೆಯ ಊರು, ಆದಾಯ, ಖರ್ಚುಗಳನ್ನೆಲ್ಲ ಪಟ್ಟಿ ಮಾಡಿಸಿದ ಈ ದೊರೆ ಪಟ್ಟಕ್ಕೆ ಬರುವ ಮೊದಲೇ, 1560ರ ಹೊತ್ತಿಗೆ, ಕಾಸೆಲ್ ಅರಮನೆಯಲ್ಲಿ ವೀಕ್ಷಣಾಲಯ ಕಟ್ಟಿಕೊಂಡಿದ್ದ. ದೂರದರ್ಶಕ ಬರಲು ಇನ್ನೂ ಅರ್ಧ ಶತಮಾನ ಬಾಕಿ. ಇದ್ದದ್ದು ಲೋಹದ ಕೋನಮಾಪಕಗಳು ಮತ್ತು ಕಣ್ಣು. 1575ರಲ್ಲಿ ಡೆನ್ಮಾರ್ಕಿನ ಖಗೋಳಜ್ಞ ಟೈಕೊ ಬ್ರಾಹೆ ಇಲ್ಲಿಗೆ ಬಂದುಹೋದ. ಆಮೇಲೆ ಟೈಕೊಗೆ ನೆರವಾಗುವಂತೆ ಡೆನ್ಮಾರ್ಕಿನ ರಾಜನಿಗೆ ಶಿಫಾರಸು ಮಾಡಿದವನೂ ವಿಲ್‌ಹೆಲ್ಮನೇ.

ಕಾಸೆಲ್‌ನ ನಿಜವಾದ ಹೊಸತನ ಗಡಿಯಾರದಲ್ಲಿತ್ತು. ನಕ್ಷತ್ರದ ಸ್ಥಾನ ಗುರುತಿಸಲು ಎರಡು ಅಂಕಿ ಬೇಕು. ಎತ್ತರವನ್ನು ಕೋನಮಾಪಕ ಕೊಡುತ್ತದೆ. ಪೂರ್ವ-ಪಶ್ಚಿಮದ ಅಂತರವನ್ನು ಕಾಲದಿಂದಲೂ ತಿಳಿಯಬಹುದು: ಆಕಾಶ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಎರಡು ನಕ್ಷತ್ರಗಳು ಯಾಮ್ಯೋತ್ತರ ರೇಖೆಯನ್ನು (ನೆತ್ತಿಯ ಮೇಲೆ ಉತ್ತರ-ದಕ್ಷಿಣವಾಗಿ ಹಾಯುವ ಕಲ್ಪಿತ ಗೆರೆ) ಎಷ್ಟು ಹೊತ್ತಿನ ಅಂತರದಲ್ಲಿ ದಾಟಿದವು ಎಂದು ನೋಡಿದರೆ ಸಾಕು. ಉಪಾಯ ಸರಳ, ಆದರೆ ನಾಲ್ಕು ಸೆಕೆಂಡು ತಪ್ಪಿದರೂ ಒಂದು ಕೋನನಿಮಿಷದ, ಅಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗದ, ದೋಷ ಬೀಳುತ್ತದೆ. ಆಗಿನ ಬಹುತೇಕ ಗಡಿಯಾರಗಳಿಗೆ ನಿಮಿಷದ ಮುಳ್ಳೇ ಇರಲಿಲ್ಲ.

1579ರಲ್ಲಿ ಕೆಲಸಕ್ಕೆ ಸೇರಿದ ಯೋಸ್ಟ್ ಬ್ಯುರ್ಗಿ ಈ ತೊಡಕು ಬಿಡಿಸಿದ. ಸ್ವಿಟ್ಜರ್ಲೆಂಡಿನವನು, ಲ್ಯಾಟಿನ್ ಬಾರದ ಕುಶಲಕರ್ಮಿ. ಹಲ್ಲುಚಕ್ರವನ್ನು ತಡೆದು ತಡೆದು ಬಿಡುವ ಭಾಗದಲ್ಲಿ ಒಂದು ತೋಳಿನ ಬದಲು ಎದುರುಬದುರು ತೂಗುವ ಎರಡು ತೋಳುಗಳನ್ನು ಜೋಡಿಸಿದ. ಸೆಕೆಂಡನ್ನೂ ತೋರಿಸುವ ಅವನ ಗಡಿಯಾರ ದಿನಕ್ಕೆ ಒಂದು ನಿಮಿಷದೊಳಗೆ ಮಾತ್ರ ತಪ್ಪುತ್ತಿತ್ತು. ಟೈಕೊಗೆ ಬರೆದ ಪತ್ರದಲ್ಲಿ ವಿಲ್‌ಹೆಲ್ಮ್ ಅವನನ್ನು ಎರಡನೆಯ ಆರ್ಕಿಮಿಡೀಸ್ ಎಂದು ಕರೆದ. ದೊರೆಯ ಹೊಗಳಿಕೆ ಎಂದು ತಳ್ಳಿಹಾಕುವಂತಿಲ್ಲ. ಮುಂದೆ ಗುಣಾಕಾರವನ್ನು ಕೂಡುವಿಕೆಗೆ ಇಳಿಸುವ ಲಾಗರಿದಮ್‌ಗೆ ಸಮನಾದ ಕೋಷ್ಟಕಗಳನ್ನು, ಅದರ ಶೋಧಕನೆಂದು ಹೆಸರಾದ ನೇಪಿಯರನ ಹಂಗಿಲ್ಲದೆ ರಚಿಸಿದವನೂ ಇವನೇ. ಗಣಿತಜ್ಞ ಕ್ರಿಸ್ಟೋಫ್ ರಾಥ್‌ಮನ್ ಜೊತೆಗೂಡಿದ ಮೇಲೆ 383 ನಕ್ಷತ್ರಗಳ ಪಟ್ಟಿ ಸಿದ್ಧವಾಯಿತು. ದೋಷ ಸಾಮಾನ್ಯವಾಗಿ ಒಂದೆರಡು ಕೋನನಿಮಿಷ ಅಷ್ಟೇ.

ವಿಲ್‌ಹೆಲ್ಮ್ 1592ರಲ್ಲಿ ತೀರಿಕೊಂಡ. ರೈನ್‌ಫೆಲ್ಸ್ ಶಾಖೆ 1583ರಲ್ಲೇ ವಾರಸುದಾರರಿಲ್ಲದೆ ಮುಗಿದಿತ್ತು. 1604ರಲ್ಲಿ ಮಾರ್‌ಬುರ್ಗ್ ಶಾಖೆಯೂ ಹೀಗೆಯೇ ಮುಗಿದಾಗ ಆ ಪಾಲಿಗಾಗಿ ಕಾಸೆಲ್ ಮತ್ತು ಡಾರ್ಮ್‌ಸ್ಟಾಟ್ ಜಗಳಕ್ಕೆ ನಿಂತವು. ಕಾಸೆಲ್‌ನ ಹೊಸ ದೊರೆ ಮಾರ್‌ಬುರ್ಗಿನಲ್ಲಿ ಪ್ರಾಟೆಸ್ಟಂಟರ ಇನ್ನೊಂದು ಕವಲಾದ ಕ್ಯಾಲ್ವಿನ್ ಪಂಥವನ್ನು ಹೇರಿದ. ಲೂಥರ್ ಪಂಥದ ಪ್ರಾಧ್ಯಾಪಕರು ಗೀಸೆನ್‌ಗೆ ಹೋದರು, 1607ರಲ್ಲಿ ಅಲ್ಲೊಂದು ವಿಶ್ವವಿದ್ಯಾಲಯ ಹುಟ್ಟಿತು. ವ್ಯಾಜ್ಯ ಯುದ್ಧಕ್ಕೆ ತಿರುಗಿ 1648ರವರೆಗೂ ಎಳೆಯಿತು. ಕಾಸೆಲ್‌ನ ವೀಕ್ಷಣೆಗಳನ್ನು 1618ರಲ್ಲಿ ಅಚ್ಚು ಹಾಕಿಸಿದವನು ಲೈಡನ್‌ನ ಡಚ್ ಗಣಿತಜ್ಞ ಸ್ನೆಲ್, ಬೆಳಕಿನ ವಕ್ರೀಭವನದ ನಿಯಮಕ್ಕೆ ಹೆಸರಾದವನು.