ಕಾಯರ್ ಸ್ಯಾಂಪಲ್ ಲೈಬ್ರರಿ: ಕಡಿಮೆ ಖರ್ಚಿನಲ್ಲಿ ಮನೆಗೆ ಬರುವ ಗಾಯನವೃಂದ

ಸಿನಿಮಾ ಟ್ರೇಲರಿನಲ್ಲಿ ನಾಯಕ ಬೆಟ್ಟದ ತುದಿಗೆ ಬಂದು ನಿಲ್ಲುತ್ತಾನೆ. ಹಿಂದಿನಿಂದ ಹತ್ತಾರು ಕಂಠಗಳ ‘ಆ...’ ಎದ್ದು ಬರುತ್ತದೆ. ಅಷ್ಟೂ ಜನ ಈ ಚಿತ್ರಕ್ಕೆಂದೇ ಸೇರಿ ಹಾಡಿದ್ದಾರೆ ಎಂದು ಕೇಳಿದವರು ನಂಬುತ್ತಾರೆ. ಹಾಡಿದ್ದು ಸುಳ್ಳಲ್ಲ. ಆದರೆ ಎಷ್ಟೋ ಸಲ ಅವರು ಹಾಡಿದ್ದು ಈ ಚಿತ್ರಕ್ಕಲ್ಲ. ವರ್ಷಗಳ ಹಿಂದೆ ಬಲ್ಗೇರಿಯದ ಸೋಫಿಯಾದಲ್ಲೋ ಲಂಡನ್ನಿನಲ್ಲೋ ಒಂದು ದೊಡ್ಡ ಹಾಲಿನಲ್ಲಿ ನಿಂತು, ಒಂದೊಂದೇ ಸ್ವರವನ್ನು ಬೇರೆ ಬೇರೆಯಾಗಿ ಹಾಡಿ ಮನೆಗೆ ಹೋಗಿದ್ದಾರೆ. ಆ ಸ್ವರಗಳನ್ನು ಜೋಡಿಸಿ ಈ ‘ಆ’ಕಾರ ಕಟ್ಟಿದ್ದು ಕೀಬೋರ್ಡಿನ ಮುಂದೆ ಕೂತ ಒಬ್ಬ ವ್ಯಕ್ತಿ. ಆ ವ್ಯಕ್ತಿ ಬಳಸಿದ ವಸ್ತುವಿನ ಹೆಸರು ಕಾಯರ್ ಸ್ಯಾಂಪಲ್ ಲೈಬ್ರರಿ.

ಸ್ಯಾಂಪಲ್ ಎಂದರೆ ನಿಜವಾದ ವಾದ್ಯದ ಅಥವಾ ಕಂಠದ ಒಂದು ಸ್ವರದ ಧ್ವನಿಮುದ್ರಣ. ಅಂಥ ಸಾವಿರಾರು ತುಣುಕುಗಳನ್ನು ಕೀಬೋರ್ಡಿನ ಮನೆಗಳಿಗೆ, ಅಂದರೆ ಬೆರಳಿನಿಂದ ಒತ್ತುವ ಕೀಲಿಗಳಿಗೆ ಹಂಚಿ, ಯಾವ ಮನೆ ಒತ್ತಿದರೆ ಯಾವ ತುಣುಕು, ಮೆಲ್ಲಗೆ ಬೇಕಾದರೆ ಯಾವುದು, ಜೋರಾಗಿ ಬೇಕಾದರೆ ಯಾವುದು ಎಂಬ ನಿಯಮಗಳನ್ನು ಬರೆದಿಟ್ಟರೆ ಅದು ಲೈಬ್ರರಿ. ಇದನ್ನು ‘ವರ್ಚುವಲ್ ಕಾಯರ್’ ಎಂದೂ ಕರೆಯುವುದರಿಂದ ಸ್ವಲ್ಪ ಗೊಂದಲವಿದೆ. ಅಮೆರಿಕದ ಸಂಯೋಜಕ ಎರಿಕ್ ವಿಟೇಕರ್ 2010ರಲ್ಲಿ 12 ದೇಶಗಳ 185 ಗಾಯಕರು ತಮ್ಮ ತಮ್ಮ ಮನೆಯಲ್ಲಿ ಹಾಡಿ ಕಳಿಸಿದ ವೀಡಿಯೊಗಳನ್ನು ಒಂದುಗೂಡಿಸಿದರು. ಅದರ ಹೆಸರೂ ವರ್ಚುವಲ್ ಕಾಯರ್. ಅದು ಬೇರೆ, ಇದು ಬೇರೆ. ಅದೇ ವಿಟೇಕರ್ ಅವರ ಗಾಯನವೃಂದವನ್ನು ಬ್ರಿಟನ್ನಿನ ಸ್ಪಿಟ್‌ಫೈರ್ ಆಡಿಯೊ ಎಂಬ ಕಂಪನಿ ಲಂಡನ್ನಿನ ಏರ್ ಸ್ಟುಡಿಯೊದಲ್ಲಿ ಮುದ್ರಿಸಿ 2018ರಲ್ಲಿ ಸ್ಯಾಂಪಲ್ ಲೈಬ್ರರಿಯಾಗಿಯೂ ತಂದಿತು. ಹೀಗಾಗಿ ಹೆಸರು ಕೇಳಿದಾಗ ಯಾವುದರ ಮಾತು ನಡೆದಿದೆ ಎಂದು ಒಮ್ಮೆ ನೋಡಿಕೊಳ್ಳಬೇಕು.

ಈ ಯೋಚನೆ ಕಂಪ್ಯೂಟರಿಗಿಂತ ಹಳೆಯದು. 1963ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮೆಲೊಟ್ರಾನ್ ಎಂಬ ವಾದ್ಯದಲ್ಲಿ ಪ್ರತಿ ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ ಇರುತ್ತಿತ್ತು. ಮನೆ ಒತ್ತಿದರೆ ಟೇಪ್ ಓಡುತ್ತಿತ್ತು, ಸುಮಾರು ಎಂಟು ಸೆಕೆಂಡಿಗೆ ಮುಗಿದುಹೋಗುತ್ತಿತ್ತು. ಎಂಟು ಕಂಠಗಳ ಗಾಯನವೃಂದದ ಟೇಪುಗಳನ್ನು ಎಪ್ಪತ್ತರ ದಶಕದ ರಾಕ್ ಸಂಗೀತಗಾರರು ಧಾರಾಳವಾಗಿ ಬಳಸಿದರು. 1979ರಲ್ಲಿ ಆಸ್ಟ್ರೇಲಿಯದ ಫೇರ್‌ಲೈಟ್ ಎಂಬ ಕಂಪ್ಯೂಟರ್ ವಾದ್ಯ ಬಂದಾಗ ಟೇಪು ಹೋಗಿ ಡಿಜಿಟಲ್ ನೆನಪು ಬಂತು. ಉಸಿರು ಬೆರೆತ ಅದರ ‘ಆ’ ಎಂಬತ್ತರ ದಶಕದ ಹಾಡುಗಳಲ್ಲಿ ಈಗಲೂ ಗುರುತು ಸಿಗುತ್ತದೆ. ಎಲ್ಲ ಕಂಪನಿಗಳ ಕೀಬೋರ್ಡುಗಳಲ್ಲೂ ಧ್ವನಿಗಳ ಕ್ರಮ ಒಂದೇ ಇರಲೆಂದು 1991ರಲ್ಲಿ ಬಂದ ಜನರಲ್ ಮಿಡಿ ಪಟ್ಟಿಯಲ್ಲಿ 53ನೆಯದು ಕಾಯರ್ ಆಹ್ಸ್, 54ನೆಯದು ವಾಯ್ಸ್ ಊಸ್. ಆರ್ಕೆಸ್ಟ್ರಾ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ನುಡಿಸಿದ ಯಾರಿಗೂ ಇವೆರಡರ ಪರಿಚಯ ಇಲ್ಲದಿರದು. ಆದರೆ ನಿಜವಾದ ತಿರುವು 1998ರ ಗಿಗಾಸ್ಯಾಂಪ್ಲರ್ ಎಂಬ ತಂತ್ರಾಂಶ. ಸ್ಯಾಂಪಲ್ ಪೂರ್ತಿಯಾಗಿ ರ‍್ಯಾಮಿನಲ್ಲಿ ಕೂರಬೇಕಿಲ್ಲ, ಮೊದಲ ಚೂರು ಅಲ್ಲಿದ್ದರೆ ಸಾಕು, ಉಳಿದದ್ದನ್ನು ಹಾರ್ಡ್‌ಡಿಸ್ಕಿನಿಂದ ನುಡಿಸುತ್ತಲೇ ಓದಿಕೊಳ್ಳಬಹುದು ಎಂದು ಅದು ತೋರಿಸಿತು. ಉದ್ದದ, ಜೀವವಿರುವ ಸ್ವರಗಳು ಸಾಮಾನ್ಯ ಕಂಪ್ಯೂಟರಿಗೆ ಬಂದದ್ದು ಅದರ ನಂತರ.

ಒಂದು ಪ್ರಶ್ನೆ ಇಲ್ಲಿ ಸಹಜ. ಒಬ್ಬ ಗಾಯಕಿಯ ಧ್ವನಿಯ ಸ್ಯಾಂಪಲ್ ನುಡಿಸಿದರೆ ಎರಡೇ ಕ್ಷಣದಲ್ಲಿ ಯಂತ್ರ ಎಂದು ಗೊತ್ತಾಗಿಬಿಡುತ್ತದೆ. ನಲವತ್ತು ಜನರ ಸ್ಯಾಂಪಲ್ ಹೇಗೆ ನಂಬಿಸುತ್ತದೆ? ಮನುಷ್ಯರ ದನಿಯ ವಿಷಯದಲ್ಲಿ ನಮ್ಮ ಕಿವಿ ಬಹಳ ಚುರುಕು. ಒಂಟಿ ದನಿಯಲ್ಲಿ ಮೆಲುದನಿಯ ತುಣುಕಿನಿಂದ ಏರುದನಿಯ ತುಣುಕಿಗೆ ಜಾರುವಾಗ ನಡುವೆ ಒಂದು ಕ್ಷಣ ಇಬ್ಬರು ಹಾಡಿದಂತೆ ಕೇಳುತ್ತದೆ, ಗುಟ್ಟು ರಟ್ಟಾಗುತ್ತದೆ. ವೃಂದದಲ್ಲಿ ಮೊದಲೇ ಹಲವರಿದ್ದಾರೆ. ಯಾರೂ ಕರಾರುವಾಕ್ಕಾಗಿ ಒಂದೇ ಶ್ರುತಿಯಲ್ಲಿಲ್ಲ, ಒಂದೇ ಕ್ಷಣಕ್ಕೆ ಶುರು ಮಾಡುವುದಿಲ್ಲ, ಒಬ್ಬೊಬ್ಬರ ಕಂಪನ ಒಂದೊಂದು ವೇಗದ್ದು. ಈ ಸಣ್ಣಪುಟ್ಟ ವ್ಯತ್ಯಾಸಗಳೇ ವೃಂದದ ಮೈ. ಎರಡು ತುಣುಕುಗಳ ಬೆಸುಗೆ ಅದರೊಳಗೆ ಮರೆಯಾಗುತ್ತದೆ. ಆದ್ದರಿಂದ ಕೈಯಲ್ಲಿ ಕಡಿಮೆ ಹಣವಿದ್ದು ಕಂಠದ ಸ್ಯಾಂಪಲ್ ಕೊಳ್ಳಬೇಕೆಂದರೆ ಸೋಲೊ ಲೈಬ್ರರಿಗಿಂತ ಕಾಯರ್ ಲೈಬ್ರರಿಯಲ್ಲಿ ಹಣಕ್ಕೆ ನ್ಯಾಯ ಹೆಚ್ಚು ಸಿಗುತ್ತದೆ.

ಇನ್ನು ಬೆಲೆಯ ಲೆಕ್ಕ. 24-ಬಿಟ್, 48 ಕಿಲೊಹರ್ಟ್ಸ್ ಸ್ಟೀರಿಯೊ ಧ್ವನಿ ನಿಮಿಷಕ್ಕೆ ಸುಮಾರು 17 ಎಂಬಿ ಹಿಡಿಯುತ್ತದೆ. ಸೊಪ್ರಾನೊ, ಆಲ್ಟೊ (ಹೆಂಗಸರ ಏರುಕಂಠ, ತಗ್ಗುಕಂಠ), ಟೆನರ್, ಬೇಸ್ (ಗಂಡಸರ ಏರುಕಂಠ, ತಗ್ಗುಕಂಠ) ಎಂಬ ನಾಲ್ಕು ವಿಭಾಗ. ವಿಭಾಗಕ್ಕೆ 24 ಸ್ವರ. ಪ್ರತಿ ಸ್ವರವನ್ನೂ ಆ, ಊ, ಮ್ ಎಂದು 3 ಬಗೆಯಲ್ಲಿ, ಮೆಲ್ಲಗೆ ಮತ್ತು ಜೋರಾಗಿ ಎಂದು 2 ಮಟ್ಟದಲ್ಲಿ, 10 ಸೆಕೆಂಡು ಹಾಡಿಸೋಣ. ಇಷ್ಟಕ್ಕೇ 576 ತುಣುಕು, 96 ನಿಮಿಷ. ಮೂರು ಮೈಕಿನ ಜಾಗದಿಂದ ಮುದ್ರಿಸಿದರೆ 5 ಜಿಬಿಯ ಹತ್ತಿರ. ಇದು ತೀರಾ ಸರಳವಾದ ಲೈಬ್ರರಿಯ ಲೆಕ್ಕ. ಒಂದು ಸ್ವರದಿಂದ ಇನ್ನೊಂದಕ್ಕೆ ಉಸಿರು ಕಡಿಯದೆ ಸಾಗುವ ಲೆಗಾಟೊ ನಿಜವಾಗಿ ಬೇಕೆಂದರೆ ಆ ಜಾರುವಿಕೆಯನ್ನೂ ಹಾಡಿಸಬೇಕು. ಒಂದು ಆಕ್ಟೇವ್ (ಒಂದು ಷಡ್ಜದಿಂದ ಮುಂದಿನ ಷಡ್ಜದವರೆಗಿನ) ಅಂತರದೊಳಗಿನ ಎಲ್ಲ ಜಿಗಿತಗಳನ್ನು ಮೇಲಕ್ಕೂ ಕೆಳಕ್ಕೂ ಹಿಡಿದರೆ ಒಂದೇ ವಿಭಾಗದ ಒಂದೇ ಅಕ್ಷರದ ಒಂದೇ ಮಟ್ಟಕ್ಕೆ 420 ಜಿಗಿತಗಳಾಗುತ್ತವೆ. ಹಾಲಿನ ಬಾಡಿಗೆ, ಗಾಯಕರ ಸಂಭಾವನೆ, ಆಮೇಲೆ ಒಂದೊಂದನ್ನೂ ಕತ್ತರಿಸಿ ಶುಚಿ ಮಾಡುವವರ ಕೂಲಿ ಎಲ್ಲ ಸೇರಿ ದೊಡ್ಡ ಲೈಬ್ರರಿಗಳ ಬೆಲೆ ಏರುತ್ತದೆ. ಆ ಬೆಲೆ ಅನ್ಯಾಯದ್ದಲ್ಲ.

ಅಗ್ಗದ ಲೈಬ್ರರಿ ಎಂದರೆ ಕಳಪೆ ಎಂದಲ್ಲ, ಏನನ್ನೋ ಬಿಟ್ಟದ್ದು ಎಂದರ್ಥ. ಏನು ಬಿಟ್ಟಿದ್ದಾರೆ ಎಂಬುದನ್ನು ನೋಡಿ ಕೊಂಡರೆ ಸರಿ. ಮೈಕಿನ ಜಾಗ ಒಂದೇ ಇದ್ದರೆ ಮನೆಯ ಕೆಲಸಕ್ಕೆ ತೊಂದರೆಯಿಲ್ಲ. ಪದಗಳು ಇಲ್ಲದಿದ್ದರೂ ನಡೆಯುತ್ತದೆ. ಗಂಡಸರೆಲ್ಲ ಒಂದು, ಹೆಂಗಸರೆಲ್ಲ ಒಂದು ಎಂದು ಎರಡೇ ವಿಭಾಗ ಇದ್ದರೂ ಸಾಕು. ಬಿಡಬಾರದ್ದು ಒಂದೇ: ದನಿಯ ಏರಿಳಿತ. ಮೆಲ್ಲಗೆ ಹಾಡಿದ್ದನ್ನೂ ಕಂಠ ತೆರೆದು ಹಾಡಿದ್ದನ್ನೂ ಬೇರೆಬೇರೆಯಾಗಿ ಮುದ್ರಿಸಿರಬೇಕು. ಮೆಲುದನಿಯ ವಾಲ್ಯೂಮ್ ಏರಿಸಿದರೆ ಅದು ಏರುದನಿ ಆಗುವುದಿಲ್ಲ, ಹತ್ತಿರ ಬಂದ ಪಿಸುಮಾತಾಗುತ್ತದೆ. ಡೆಮೊ ಕೇಳುವಾಗ ಡೋಲು ನಗಾರಿ ಬಡಿಯುವ ಭಾಗ ಬಿಟ್ಟು, ಕಾಯರ್ ಒಂದೇ ಮೆಲ್ಲಗೆ ಶುರುವಾಗಿ ಏರುವ ಜಾಗವನ್ನು ಹುಡುಕಿ ಕೇಳಿ.

ದುಡ್ಡೇ ಇಲ್ಲದೆ ಶುರು ಮಾಡಬಹುದು. ಸ್ಪಿಟ್‌ಫೈರ್‌ನ ಲ್ಯಾಬ್ಸ್ ಸಂಗ್ರಹದಲ್ಲಿ ಉಚಿತವಾದ ಒಂದು ಚಿಕ್ಕ ಕಾಯರ್ ಇದೆ, ಮೆತ್ತನೆಯ ಹಿನ್ನೆಲೆಗೆ ಚೆನ್ನಾಗಿ ಒದಗುತ್ತದೆ. ಪಿಯಾನೊಬುಕ್ ಎಂಬ ತಾಣದಲ್ಲಿ ಜನ ತಾವೇ ಮುದ್ರಿಸಿದ ಕಂಠಗಳನ್ನು ಹಂಚಿಕೊಂಡಿದ್ದಾರೆ. ಅವುಗಳಲ್ಲಿ ಹಲವು ಡೀಸೆಂಟ್ ಸ್ಯಾಂಪ್ಲರ್ ಎಂಬ ಉಚಿತ ತಂತ್ರಾಂಶದಲ್ಲಿ ನಡೆಯುತ್ತವೆ. ಸೌಂಡ್‌ಫಾಂಟ್ ಎಂಬ ಹಳೆಯ ಬಗೆಯ ಸ್ಯಾಂಪಲ್ ಫೈಲುಗಳೂ ಬದುಕಿವೆ. ದುಡ್ಡು ಕೊಟ್ಟು ಕೊಳ್ಳುವಾಗ ಎಚ್ಚರ ಬೇಕಾದ ಒಂದು ಜಾಗ ಕೊಂಟ್ಯಾಕ್ಟ್, ಅಂದರೆ ಎಷ್ಟೋ ಲೈಬ್ರರಿಗಳನ್ನು ತೆರೆದು ನುಡಿಸಲು ಬೇಕಾಗುವ ತಂತ್ರಾಂಶ. ಕೆಲವು ಲೈಬ್ರರಿಗಳು ಉಚಿತ ಕೊಂಟ್ಯಾಕ್ಟ್ ಪ್ಲೇಯರ್‌ನಲ್ಲೇ ನಡೆಯುತ್ತವೆ. ಇನ್ನು ಕೆಲವಕ್ಕೆ ಪೂರ್ಣ ಕೊಂಟ್ಯಾಕ್ಟ್ ಬೇಕು. ಅವನ್ನು ಪ್ಲೇಯರ್‌ನಲ್ಲಿ ತೆರೆದರೆ 15 ನಿಮಿಷಕ್ಕೆ ನಿಂತುಬಿಡುತ್ತವೆ. ಲೈಬ್ರರಿ ಅಗ್ಗ, ಅದನ್ನು ತೆರೆಯುವ ಬೀಗದ ಕೈ ದುಬಾರಿ ಎಂಬಂತಾಗುತ್ತದೆ. ಆರ್ಕೆಸ್ಟ್ರಲ್ ಟೂಲ್ಸ್ ಎಂಬ ಕಂಪನಿಯ ಸೈನ್ ಪ್ಲೇಯರ್ ಉಚಿತ, ಅದರಲ್ಲಿ ಎಷ್ಟೋ ಸಂಗ್ರಹಗಳಿಂದ ಬೇಕಾದ ಭಾಗವನ್ನಷ್ಟೇ ಬಿಡಿಯಾಗಿ ಕೊಳ್ಳಬಹುದು. ಈಸ್ಟ್‌ವೆಸ್ಟ್ ಎಂಬ ಕಂಪನಿಯಲ್ಲಿ ಚಂದಾ ಕೊಟ್ಟು ದೊಡ್ಡ ಕಾಯರ್‌ಗಳನ್ನೇ ಬಳಸಬಹುದು. ಒಂದೇ ಯೋಜನೆಗೆ ಬೇಕಾದವರಿಗೆ ಇದು ಲಾಭ, ವರ್ಷಗಟ್ಟಲೆ ಬಳಸುವವರಿಗೆ ಅಲ್ಲ. ಅವಸರವಿಲ್ಲದಿದ್ದರೆ ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೆ ರಿಯಾಯಿತಿ ಮಾರಾಟದವರೆಗೆ ಕಾಯುವುದು ಒಳ್ಳೆಯದು.

ಕನ್ನಡದವರು ಹೆಚ್ಚಾಗಿ ಆಸೆಪಡುವುದು ಪದಗಳಿಗೆ. ಈಸ್ಟ್‌ವೆಸ್ಟ್‌ನ ವರ್ಡ್‌ಬಿಲ್ಡರ್‌ನಲ್ಲಿ ಸಾಲು ಟೈಪ್ ಮಾಡಿದರೆ ಕಾಯರ್ ಅದನ್ನು ಹಾಡುತ್ತದೆ. ಬಲ್ಗೇರಿಯದ ಸ್ಟ್ರೆಜೊವ್ ಸ್ಯಾಂಪ್ಲಿಂಗ್‌ನ ಕಾಯರ್‌ಗಳಲ್ಲಿ ಅಕ್ಷರಗಳನ್ನು ಸಾಲಾಗಿ ಜೋಡಿಸುವ ಏರ್ಪಾಡಿದೆ. ಕೇಳಲು ಭವ್ಯ. ಆದರೆ ಹಾಡಿದವರು ಯುರೋಪು, ಅಮೆರಿಕದ ಕಂಠಗಳು, ಹಾಡಿದ ಧ್ವನಿಗಳು ಇಂಗ್ಲಿಷು, ಲ್ಯಾಟಿನ್ನುಗಳ ಜಾಡಿನವು. ನಮ್ಮ ಳ, ಣ ಅಲ್ಲಿ ಹುಟ್ಟುವುದಿಲ್ಲ. ‘ಬೆಳಕು’ ಎಂದು ಬರೆದರೆ ‘ಬೆಲಕು’ ಬರುತ್ತದೆ. ‘ಅಣ್ಣ’ದ ಒತ್ತು ಎಲ್ಲೋ ಕಳೆದುಹೋಗುತ್ತದೆ. ಮಹಾಪ್ರಾಣ ತುಂಬಿದ ಸಂಸ್ಕೃತ ಶ್ಲೋಕದ ಪಾಡು ಇನ್ನೂ ಕಷ್ಟ. ಸಿಂಥಸೈಜರ್ ವಿ ತರಹದ ಹೊಸ ಕೃತಕ ಗಾಯನ ತಂತ್ರಾಂಶಗಳೂ ಜಪಾನಿ, ಇಂಗ್ಲಿಷ್, ಮ್ಯಾಂಡರಿನ್‌ಗಳ ಮೇಲೆ ಬೆಳೆದವು. ಪದ ಹಾಡುತ್ತದೆ ಎಂಬ ಕಾರಣಕ್ಕೇ ದುಬಾರಿ ಲೈಬ್ರರಿಗೆ ಹಣ ಹಾಕಬೇಡಿ ಎಂದು ಕನ್ನಡದಲ್ಲಿ ಸಂಗೀತ ಮಾಡುವವರಿಗೆ ಒತ್ತಿ ಹೇಳುತ್ತೇನೆ. ಆ, ಊ, ಮ್ ಇವು ಯಾವ ಭಾಷೆಯ ಸೊತ್ತೂ ಅಲ್ಲ. ಅಗ್ಗದ ಲೈಬ್ರರಿ ಅವನ್ನು ಚೆನ್ನಾಗಿ ಕೊಡುತ್ತದೆ.

ನುಡಿಸುವಾಗಲೂ ನಮ್ಮ ಹಾಡಿನ ಸ್ವಭಾವ ನೋಡಿಕೊಳ್ಳಬೇಕು. ಮಂಗಳೂರಿನ ಚರ್ಚುಗಳಲ್ಲಿ ನಾಲ್ಕು ಧ್ವನಿಯ ಹಾಡುಗಾರಿಕೆ ಕೇಳಿ ಬೆಳೆದವರಿಗೆ ಸೊಪ್ರಾನೊ, ಆಲ್ಟೊಗಳ ಹಂಚಿಕೆ ಸಲೀಸು. ಭಜನೆ, ಸಮೂಹಗಾನ, ಸುಗಮ ಸಂಗೀತದ ಕೋರಸ್ಸಿನಲ್ಲಿ ಎಲ್ಲರೂ ಹಾಡುವುದು ಒಂದೇ ರಾಗಸಂಚಾರವನ್ನು, ಗಂಡಸರು ಕೆಳಗಿನ ಆಕ್ಟೇವಿನಲ್ಲಿ, ಹೆಂಗಸರು ಮೇಲಿನದರಲ್ಲಿ. ಅಂಥ ಹಾಡಿಗೆ ಕಾಯರ್ ಪ್ಯಾಚಿನಲ್ಲಿ (ಲೈಬ್ರರಿಯಿಂದ ಆರಿಸಿ ತೆರೆದ ಧ್ವನಿಯಲ್ಲಿ) ಕಾರ್ಡ್, ಅಂದರೆ ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿದರೆ ಹಾಡು ತನ್ನ ಊರು ಬಿಟ್ಟು ಬೇರೆಲ್ಲೋ ಹೋಗಿ ನಿಲ್ಲುತ್ತದೆ. ಆಕ್ಟೇವಿನಲ್ಲಿ ಎರಡೇ ಸಾಲು ನುಡಿಸಿ, ಬೇಕಾದಲ್ಲಿ ಷಡ್ಜ ಪಂಚಮಗಳನ್ನು ‘ಮ್’ ಕಾರದಲ್ಲಿ ಕೆಳಗೆ ಹಿಡಿದರೆ ಹೆಚ್ಚು ಹೊಂದುತ್ತದೆ. ಗಮಕವನ್ನು ಲೈಬ್ರರಿಯಿಂದ ನಿರೀಕ್ಷಿಸಬಾರದು. ಸ್ಯಾಂಪಲ್‌ಗಳು ನಿಂತ ಸ್ವರಗಳು. ಶ್ರುತಿಯನ್ನು ಜಾರಿಸುವ ಪಿಚ್ ಬೆಂಡ್ ಚಕ್ರ ಎಳೆದರೆ ಇಡೀ ವೃಂದ ಒಂದೇ ದಾರಕ್ಕೆ ಕಟ್ಟಿದಂತೆ ಜಾರುತ್ತದೆ, ಜನ ಹಾಗೆ ಹಾಡುವುದಿಲ್ಲ. ಗಮಕವಿರುವ ಸಾಲನ್ನು ಮನುಷ್ಯರಿಗೆ ಬಿಟ್ಟು ಕಾಯರನ್ನು ಸಾಲು ಬಂದು ನಿಲ್ಲುವ ನ್ಯಾಸ ಸ್ವರಗಳ ಮೇಲೆ ನಿಲ್ಲಿಸಿ.

ಕೀಬೋರ್ಡಿನ ಪಕ್ಕದಲ್ಲಿರುವ ಮಾಡ್ ವೀಲ್ ಎಂಬ ಚಕ್ರದ ಮೇಲಿನಿಂದ ಕೈ ತೆಗೆಯಬೇಡಿ. ಹೆಚ್ಚಿನ ಲೈಬ್ರರಿಗಳಲ್ಲಿ ದನಿಯ ಏರಿಳಿತ ಇರುವುದು ಅದರಲ್ಲಿ, ಮನೆ ಒತ್ತುವ ರಭಸದಲ್ಲಲ್ಲ. ಉದ್ದದ ಸ್ವರ ಒಂದೇ ಮಟ್ಟದಲ್ಲಿ ನಿಂತರೆ ಹಾರ್ಮೋನಿಯಂ ಆಗುತ್ತದೆ. ಸಾಲಿನ ಕೊನೆಯಲ್ಲಿ ಉಸಿರಿಗೆ ಜಾಗ ಕೊಡಿ. ದೊಡ್ಡ ವೃಂದಗಳು ಸರದಿಯ ಮೇಲೆ ಉಸಿರೆಳೆದು ಸ್ವರವನ್ನು ಕಡಿಯದೆ ಹಿಡಿಯಬಲ್ಲವು, ನಿಜ. ಆದರೂ ಸಾಹಿತ್ಯದ ಸಾಲು ಮುಗಿದಲ್ಲಿ ಅವೂ ಒಟ್ಟಿಗೆ ಉಸಿರಾಡುತ್ತವೆ. ಇನ್ನೊಂದು ಮಾತು: ಇಡೀ ವೃಂದದ ಪ್ಯಾಚಿನಲ್ಲಿ ನಾಲ್ಕು ಸ್ವರ ಒತ್ತಿದರೆ ನಲವತ್ತು ಜನ ನೂರ ಅರವತ್ತಾಗುತ್ತಾರೆ. ಅದರಿಂದ ಬರುವುದು ಭವ್ಯತೆಯಲ್ಲ, ಮಬ್ಬು. ಚರ್ಚಿನಲ್ಲೋ ದೊಡ್ಡ ಹಾಲಿನಲ್ಲೋ ಮುದ್ರಿಸಿದ ಸ್ಯಾಂಪಲ್ಲಿಗೆ ಮತ್ತೆ ರಿವರ್ಬ್ (ಹಾಲಿನ ಅನುರಣನದ ಪರಿಣಾಮ) ಸುರಿದರೂ ಅದೇ ಗತಿ.

ಹಕ್ಕಿನ ವಿಚಾರ ಚಿಕ್ಕದು. ಲೈಬ್ರರಿ ಕೊಂಡವರು ಅದನ್ನು ತಮ್ಮ ಸಂಗೀತದಲ್ಲಿ ಬಳಸಿ ಮಾರಬಹುದು, ಸ್ಯಾಂಪಲ್ಲುಗಳನ್ನೇ ಮಾರುವಂತಿಲ್ಲ, ಲೈಸೆನ್ಸನ್ನು ಬೇರೆಯವರಿಗೆ ವರ್ಗಾಯಿಸಲು ಸಾಮಾನ್ಯವಾಗಿ ಒಪ್ಪಿಗೆಯಿರುವುದಿಲ್ಲ. ಮೊದಲೇ ಹಾಡಿಟ್ಟ ಸಿದ್ಧ ಸಾಲುಗಳಿರುವ ಲೈಬ್ರರಿಗಳಲ್ಲಿ ಮಾತ್ರ ಒಂದು ತೊಡಕಿದೆ. ಅದೇ ಸಾಲನ್ನು ಬೇರೆ ಯಾರೋ ತಮ್ಮ ಹಾಡಿನಲ್ಲಿ ಬಳಸಿ ನೋಂದಾಯಿಸಿದ್ದರೆ ಯೂಟ್ಯೂಬಿನ ಹಕ್ಕು ಗುರುತಿಸುವ ಯಂತ್ರವ್ಯವಸ್ಥೆಯಾದ ಕಂಟೆಂಟ್ ಐಡಿ ನಿಮ್ಮ ಹಾಡಿನ ಮೇಲೆ ತಪ್ಪಾಗಿ ಹಕ್ಕು ಸಾಧಿಸಬಹುದು. ಬಿಡಿ ಸ್ವರಗಳಿಂದ ನೀವೇ ಕಟ್ಟಿದ ಸಾಲಿಗೆ ಆ ಭಯ ಇಲ್ಲವೆನ್ನುವಷ್ಟು ಕಡಿಮೆ.

ಪದ ಬೇಕೇ ಬೇಕೆಂದರೆ ಮನೆಯವರನ್ನೋ ಗೆಳೆಯರನ್ನೋ ಕರೆಯಿರಿ. ಇಬ್ಬರು ಮೂವರು ಸಾಕು. ಒಂದೇ ಸಾಲನ್ನು ಹಲವು ಸಲ ಹೊಸದಾಗಿ ಹಾಡಿಸಿ, ಪ್ರತಿ ಸಲವೂ ಮೈಕಿನಿಂದ ಬೇರೆ ದೂರದಲ್ಲಿ ನಿಲ್ಲಿಸಿ, ಎಡಬಲಕ್ಕೆ ಹರಡಿ. ಒಂದೇ ಟೇಕನ್ನು ನಕಲು ಮಾಡಿ ಇಟ್ಟರೆ ಜನ ಹೆಚ್ಚುವುದಿಲ್ಲ, ಸದ್ದಷ್ಟೇ ಹೆಚ್ಚುತ್ತದೆ. ಸ, ಶ ಬರುವಲ್ಲಿ ಒಬ್ಬರೇ ಸ್ಪಷ್ಟವಾಗಿ ಹೇಳಲಿ, ಉಳಿದವರು ಅದನ್ನು ಮೆದುವಾಗಿಸಲಿ, ಇಲ್ಲದಿದ್ದರೆ ಸಕಾರಗಳು ಚದುರಿ ಕಿವಿಗೆ ಚುಚ್ಚುತ್ತವೆ. ಈ ದನಿಗಳ ಕೆಳಗೆ ಲೈಬ್ರರಿಯ ‘ಆ’ವನ್ನು ಅದೇ ಸ್ವರಸಾಲಿನಲ್ಲಿ, ಅವರಿಗಿಂತ ಸ್ವಲ್ಪ ತಗ್ಗಿಸಿ ಇಡಿ. ಎರಡನ್ನೂ ಒಂದೇ ರಿವರ್ಬಿಗೆ ಕಳಿಸಿ, ಮನೆಯಲ್ಲಿ ಹಾಡಿದ್ದಕ್ಕೆ ಹೆಚ್ಚು, ಲೈಬ್ರರಿಗೆ ಕಡಿಮೆ. ವ್ಯಂಜನಗಳು ನಿಮ್ಮವರಿಂದ ಬರುತ್ತವೆ, ತುಂಬುದನಿ ಲೈಬ್ರರಿಯಿಂದ. ‘ಬೆಳಕು’ ಬೆಳಕಾಗಿಯೇ ಕೇಳುತ್ತದೆ.